ಕಲ್ಲಿನ ಬರಹವೂ ಮನಸ್ಸಿನ ಬರಹವೂ

ಹರಿಹರದ ಹರಿಹರೇಶ್ವರ ಗುಡಿಯನ್ನು ನೋಡಿದವರು ಅಲ್ಲಿಯ ಶಿಲಾಶಾಸನಗಳನ್ನೂ ನೋಡಿರುವರು. ಆ ಗುಡಿಯನ್ನು ಹೊಯ್ಸಳರ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಕಲ್ಲಿನಲ್ಲಿ ಕೊರೆದ ಅಕ್ಷರವು ಎಷ್ಟು ಮಂದಿ ಓದಿದರೂ ಓದಿದ ಕಾರಣದಿಂದ ಬದಲಾಗುವದಿಲ್ಲ. ನಮ್ಮ ನೆನಪೂ ಹಾಗೆಯೇ ಎಂದು ಎಣಿಸಿ, “ಎದೆಯಲ್ಲಿ ಕೊರೆದಂತಿದೆ” ಎಂದು ಆಣೆಯಿಡುತ್ತೇವೆ. ಈ ಎಣಿಕೆಯು ಸರಿಯೋ?

ಮಿದುಳಿನಲ್ಲಿ ಅಸಂಖ್ಯ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ನಾವು ಒಂದು ಸಂಗತಿಯನ್ನು ಕಲಿತಾಗ ಅವುಗಳ ನಡುವಣ ಕೆಲವು ಸಂಧಿಗಳು ಬಲಗೊಳ್ಳುವವು. ನೆನಪು ಬಹುಕಾಲ ಉಳಿಯಬೇಕಾದರೆ ಹೊಸ ಸಂಧಿಗಳೂ ಬೆಳೆಯುವವು. ಇದನ್ನು ಕಡಲ ಬಸವನಹುಳುವಿನಲ್ಲಿ ಶೋಧಿಸಿದ ಎರಿಕ್ ಕ್ಯಾಂಡೆಲ್ ಎಂಬ ಪಂಡಿತರು 2000ದ ನೊಬೆಲ್ ಬಹುಮಾನದಲ್ಲಿ ಪಾಲುಗಾರರಾದರು. ಮಿದುಳಿನ ಒಳಗೆ ಕಡಲ್ಗುದುರೆಯನ್ನು ಹೋಲುವ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಅಮೇರಿಕದ ಹೆನ್ರಿ ಮೊಲೈಸನ್ ಎಂಬವನ ಮೂರ್ಛೆರೋಗವನ್ನು ನೀಗಿಸಲು ವೈದ್ಯರು 1953ರಲ್ಲಿ ಅದರ ದೊಡ್ಡ ಪಾಲನ್ನು ಎರಡೂ ಕಡೆಗಳಿಂದ ತೆಗೆದರು. ಅಂದಿನಿಂದ 2008ರಲ್ಲಿ ಸಾಯುವ ತನಕ ಅವನಲ್ಲಿ ಹೊಸ ಸಂಗತಿಗಳು ನಿಲ್ಲದೆ ಹೋದವು. ಬಾಲ್ಯದ ನೆನಪುಗಳು ಮಾತ್ರ ಉಳಿದಿದ್ದವು. ಆದದರಿಂದ ನೆನಪನ್ನು ಕಟ್ಟುವದಕ್ಕೆ ಆ ಭಾಗವು ಬೇಕು; ಹಳೆಯ ನೆನಪುಗಳಾದರೋ ಹೆಚ್ಚಾಗಿ ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿರುತ್ತವೆ.

ಇನ್ನೊಂದು ಸಂಗತಿಯು ನಮ್ಮನ್ನು ಎಚ್ಚರಿಸತಕ್ಕದ್ದಾಗಿದೆ. ಗಟ್ಟಿಯಾದ ನೆನಪು ಸಹ ಮರಳಿ ನೆನಸಿಕೊಂಡಾಗ ಹಸಿಮಣ್ಣಿನಂತೆ ಕೆಲವು ಹೊತ್ತು ಮೆತ್ತಗಾಗಿ, ತಿರಿಗಿ ಗಟ್ಟಿಯಾಗಬೇಕಾಗುವದೆಂದು 2000ದಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆಗಳಿಂದ ತಿಳಿದುಬಂತು. ಮನುಷ್ಯರಾದ ನಾವು ಹಳೆಯದನ್ನು ಹೇಳುವಾಗ ಈಗಿನ ಸಿಟ್ಟನ್ನೂ ಪರರಿಂದ ಕೇಳಿದ್ದನ್ನೂ ಅರಿಯದೆ ಅದರಲ್ಲಿ ಬೆರಸುತ್ತೇವೆ.

ದಾವಣಗೆರೆಯಲ್ಲಿ ನಮ್ಮ ತಾಯಿಯು ಕಾಯಿಲೆಯಿಂದ ಮಲಗಿದ್ದಾಗ, ಹರಿಹರದಲ್ಲಿದ್ದ ನಮ್ಮ ಅಣ್ಣನು ಕಾಗದ ಮುಟ್ಟಿದರೂ ಬರಲಿಲ್ಲವೆಂದು ನಾವು ಬಹು ವರುಷ ಹೇಳುತ್ತಾ ಬಂದೆವು. ಹೇಳಿದ ಹಾಗೆಲ್ಲಾ ನೆನಪು ನಿಚ್ಚಳವಾಯಿತು. ಕಾಗದವನ್ನು ಅಂಚೆಗೆ ಹಾಕಿದ ಸಂಜೆಯೂ ಕಣ್ಣಿಗೆ ಕಟ್ಟುತ್ತಿತ್ತು. ಕಡೆಗೊಂದು ದಿನ ಹಳೆಯ ಟ್ರಂಕಿನ ತಳದಲ್ಲಿ ಆ ಕಾಗದವೇ ದೊರಕಿತು. ಅದರ ಮೇಲೆ ವಿಳಾಸವಿತ್ತು. ಅಂಚೆಯ ಮುದ್ರೆ ಇರಲಿಲ್ಲ. ನಾವು ಸುಳ್ಳಾಡಿರಲಿಲ್ಲ; ಆದರೂ ನಾವು ಹೇಳಿದ್ದು ನಿಜವಾಗಿರಲಿಲ್ಲ. ಅಷ್ಟರೊಳಗೆ ಅಣ್ಣನು ತೀರಿಹೋಗಿದ್ದನು.

ಹಾಗಾದರೆ ನೆನಪನ್ನು ನಂಬಲೇ ಬಾರದೋ? ಅನ್ಯಾಯ ಹೊಂದಿದವನಿಗೆ, “ನಿನ್ನ ನೆನಪೇ ತಪ್ಪು, ಮರೆತುಬಿಡು” ಎನ್ನಬೇಕೋ? ಹಾಗಲ್ಲ. ನೆನಪಿಲ್ಲದ ಕಡೆ ಉಪಕಾರಸ್ಮರಣೆಯೂ ಇಲ್ಲ, ನ್ಯಾಯವೂ ಇಲ್ಲ. ಆದರೆ ಮತ್ತೊಬ್ಬನ ಮೇಲೆ ದೋಷ ಹೊರಿಸುವ ನೆನಪಿಗೆ ಎರಡನೆಯ ಸಾಕ್ಷಿ ಬೇಕು. ಬರಹವಿದ್ದರೆ ಅದನ್ನು ತೆಗೆದು ನೋಡಬೇಕು. ಅವನ ಮಾತನ್ನೂ ಕೇಳಬೇಕು. ಸುಳ್ಳಾಡದಿರುವದು ಸತ್ಯವಂತನ ಅರ್ಧ ಗುಣ ಮಾತ್ರ. ತನಗೆ ನಿಶ್ಚಯವಾಗಿ ತೋರುವದನ್ನು ಪರೀಕ್ಷಿಸುವದು ಉಳಿದರ್ಧ.

ಕಾಗದವನ್ನು ಮರೆತದ್ದು ಮಿದುಳಿನ ಬಲಹೀನತೆ. ಕೇಳದೆ ಹೋದದ್ದು ನಮ್ಮ ದೋಷ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು ಮಾತ್ರ. ಯಾವ ದಿನವಾದರೂ ಹೋಗಿ ಕೇಳಬಹುದಾಗಿತ್ತು.