ಸೋರುವ ಸಂದು ಯಾರದು?

ಬಾಗಲಕೋಟೆ ಸೀಮೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನೀರು ಇಳಿಯುವುದು ಒಂದು ಕಡೆ, ಹನಿಯುವುದು ಇನ್ನೊಂದು ಕಡೆ. ಕುಂಬಿಯ ಬುಡದಲ್ಲೋ ಬೆಳಕಿಂಡಿಯ ಸುತ್ತಲೋ ಬಿಟ್ಟ ಸಂದಿನಲ್ಲಿ ಹೊಕ್ಕ ನೀರು ಜಂತಿಯ ಗುಂಟ ಹರಿದು ನಾಲ್ಕಾರು ಮೊಳ ಆಚೆ ತೊಟ್ಟಿಕ್ಕುತ್ತದೆ. ಹನಿ ಬೀಳುವ ಜಾಗದ ನೇರಕ್ಕೇ ಮಣ್ಣು ಸುರಿದರೆ ಮಾಳಿಗೆಯ ಭಾರ ಹೆಚ್ಚುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ.

ಈಗ ಅಂಥ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದಾರೆ ಎನ್ನಿ. ನಡುವೆ ಗೋಡೆ ಎದ್ದಿದೆ, ಮೇಲಿನ ಮಾಳಿಗೆ ಮಾತ್ರ ಒಂದೇ. ಸಂದು ಅಣ್ಣನ ಪಾಲಿನಲ್ಲಿದೆ, ಹನಿ ತಮ್ಮನ ಪಾಲಿನಲ್ಲಿ. ಇಳಕಲ್ಲಿನಂಥ ನೇಕಾರರ ಊರಿನಲ್ಲಿ ಆ ಹನಿ ಕುಣಿಮಗ್ಗದ ಮೇಲೆ ಬಿದ್ದರೆ ಹಾಸು ನೆನೆಯುತ್ತದೆ, ಅಂದಿನ ದುಡಿಮೆ ನಿಲ್ಲುತ್ತದೆ. "ನನ್ನ ಮನೆಯೊಳಗೆ ಒಂದು ಹನಿಯೂ ಇಲ್ಲ. ನಾನೇಕೆ ಖರ್ಚು ಮಾಡಲಿ? ಮಳೆ ಸುರಿಸಿದವನು ನಾನೇ?" ಎಂದು ಅಣ್ಣ ಕೇಳಿದರೆ ನೀವು ಏನು ಹೇಳುವಿರಿ? ಹಗುರವಾಗಿ ತಳ್ಳಿಹಾಕಬೇಡಿ. ಅವನು ಸುಳ್ಳಾಡುತ್ತಿಲ್ಲ, ನಿಜಕ್ಕೂ ಅವನು ಏನನ್ನೂ ಮಾಡಿಲ್ಲ.

ಒಬ್ಬನಿಗಾದ ನಷ್ಟವನ್ನು ಯಾರು ತುಂಬಿಕೊಡಬೇಕೆಂದು 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ವಿಚಾರಿಸಿದ್ದಾರೆ. ಅವರು ಕೈಯಾರೆ ಕೆಡಿಸಿದವನೊಬ್ಬನನ್ನೇ ಹಿಡಿಯುವುದಿಲ್ಲ. ಅಪ್ಪಣೆ ಕೊಟ್ಟವನು, ಸಲಹೆ ಕೊಟ್ಟವನು, ಒಪ್ಪಿಕೊಂಡವನು, ಸುಮ್ಮನಿದ್ದವನು, ತಡೆಯದವನು, ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡುತ್ತಾರೆ. ಅವರು ಹೇಳುವುದು ಕಳವು ಸುಲಿಗೆಯ ಮಾತು. ಸೆಮಿನರಿಯಲ್ಲಿ ಅದನ್ನು ಓದುವಾಗ ನನಗೂ ಮಾಳಿಗೆಯ ನೆನಪಾಗಿರಲಿಲ್ಲ. ಆದರೆ ತಡೆಯದವನಿಗೆ ಅವರು ಇಟ್ಟ ಷರತ್ತು ಇಲ್ಲಿಗೂ ಒಪ್ಪುತ್ತದೆ. ತಡೆಯುವ ಶಕ್ತಿಯೂ ಅವನಿಗೆ ಇರಬೇಕು, ತಡೆಯುವ ಕರ್ತವ್ಯವೂ ಇರಬೇಕು.

ಈ ಅಣ್ಣನಿಗೆ ಕರ್ತವ್ಯ ಎಲ್ಲಿಂದ ಬಂತು? ಹುನಗುಂದ ಸೀಮೆಯ ಐಹೊಳೆಗೆ ಹೋದಾಗ ಲಾಡಖಾನ ಗುಡಿಯ ಛಾವಣಿಯನ್ನು ಗಮನಿಸಿ ನೋಡಿ. ಬಾದಾಮಿ ಚಾಲುಕ್ಯರ ಕಾಲದ ಆ ಕಟ್ಟಡದಲ್ಲಿ ಇಳಿಜಾರಾದ ಕಲ್ಲು ಚಪ್ಪಡಿಗಳು ಕೂಡುವಲ್ಲೆಲ್ಲ ಉದ್ದನೆಯ ಕಲ್ಲಿನ ಪಟ್ಟಿ ಹೊದಿಸಿದ್ದಾರೆ. ಮರದ ಕೆಲಸದ ಅನುಕರಣೆ ಅದು ಎನ್ನುತ್ತಾರೆ ಬಲ್ಲವರು, ಇರಲಿ. ಚಪ್ಪಡಿ ಸೋರುವುದಿಲ್ಲ, ಸಂದು ಸೋರುತ್ತದೆ ಎಂಬುದು ಆ ಕಲ್ಲುಕುಟಿಗರಿಗೆ ತಿಳಿದಿತ್ತು. ಆ ಪಟ್ಟಿ ಎಡಗಡೆಯ ಚಪ್ಪಡಿಯದೂ ಅಲ್ಲ, ಬಲಗಡೆಯದೂ ಅಲ್ಲ. ಎರಡರ ಮೇಲೂ ಕೂತಿದೆ. ನಮ್ಮ ವಾಟ್ನಿ ಪತ್ರಗಳಲ್ಲಿ ಕೋಣೆಗಳ ಲೆಕ್ಕ ಇರುತ್ತದೆ, ಹಿತ್ತಲಿನ ಲೆಕ್ಕ ಇರುತ್ತದೆ, ಸಂದಿನ ಲೆಕ್ಕ ಇರುವುದಿಲ್ಲ. ಒಂದೇ ಮಾಳಿಗೆಯ ನೆರಳನ್ನು ಹಂಚಿಕೊಂಡವನಿಗೆ ಅದರ ಸಂದಿನಲ್ಲೂ ಪಾಲು ಬಂದಿರುತ್ತದೆ. ತನ್ನ ತಲೆಯ ಮೇಲೆ ಹನಿ ಬೀಳುವುದಿಲ್ಲ ಎಂಬುದು ಜಂತಿಯ ವಾಟದಿಂದ ಸಿಕ್ಕ ಅನುಕೂಲ, ಹಕ್ಕಲ್ಲ.

ಇನ್ನು ಶಕ್ತಿಯ ಮಾತು. ಅಣ್ಣ ದುಡಿಯಲು ಗೋವೆಗೋ ಮಂಗಳೂರಿಗೋ ಹೋಗಿ, ಬಾಗಿಲಿಗೆ ಬೀಗ ಬಿದ್ದು, ಮಾಳಿಗೆಯ ಮೇಲೆ ಹುಲ್ಲು ಬೆಳೆದಿರಬಹುದು. ಗೊತ್ತೇ ಇಲ್ಲದ್ದನ್ನು ಅವನು ತಡೆಯುವುದು ಹೇಗೆ? ಇಲ್ಲಿ ತಮ್ಮನನ್ನೂ ಒಂದು ಮಾತು ಕೇಳಬೇಕು, ಅವನಿಗೆ ಬೇಸರವಾದರೂ ಸರಿಯೇ. ಹನಿಯ ಕೆಳಗೆ ಬೋಗುಣಿ ಇಟ್ಟುಕೊಂಡು, ಅಣ್ಣನಿಗೆ ಸುದ್ದಿ ಮುಟ್ಟಿಸದೆ, ಓಣಿಗೆಲ್ಲ ಹೇಳುತ್ತ ಕುಳಿತವರನ್ನು ನೀವೂ ನೋಡಿದ್ದೀರಿ. ಸೋರುವ ಮಾಳಿಗೆಗಿಂತ ದೂರಲು ಸಿಕ್ಕ ಕಾರಣ ಕೆಲವರಿಗೆ ಹೆಚ್ಚು ಬೇಕಾಗಿರುತ್ತದೆ. ಸುಮ್ಮನಿದ್ದವನೂ ಸಂತ ತೋಮಸರ ಆ ಸಾಲಿನಲ್ಲೇ ನಿಂತಿದ್ದಾನೆಂಬುದನ್ನು ಮರೆಯಬಾರದು.

ಕೆಲಸವೇನೂ ದೊಡ್ಡದಲ್ಲ. ಮಿರಗದ ಮಳೆಗೆ ಮೊದಲು ಹುಲ್ಲನ್ನು ಬೇರುಸಹಿತ ಕಿತ್ತು, ಬಿರುಕನ್ನು ಕೆದರಿ, ಸವಳು ಮಣ್ಣು ತುಂಬಿ ಬಡಿಯಬೇಕು. ಬೆಳೆ ಬಾರದ ಆ ಮಣ್ಣು ನೀರು ತಾಗಿದೊಡನೆ ನುಣ್ಣಗೆ ಕದಡಿ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಹಿರಿಯರು ಅದನ್ನು ಹುಡುಕಿ ತರುತ್ತಿದ್ದರು. ಆದರೆ ಸಂದು ಎಲ್ಲಿದೆ ಎಂದು ಕಂಡುಹಿಡಿಯಲು ಒಬ್ಬನಿಂದ ಆಗದು. ಒಬ್ಬನು ಮಾಳಿಗೆ ಹತ್ತಿ, ಅನುಮಾನ ಬಂದ ಕಡೆಗಳಲ್ಲಿ ಕೊಡದಿಂದ ಸ್ವಲ್ಪ ಸ್ವಲ್ಪವೇ ನೀರು ಬಿಡಬೇಕು. ಇನ್ನೊಬ್ಬನು ಕೆಳಗೆ ತಮ್ಮನ ಮನೆಯಲ್ಲಿ ಜಂತಿ ನೋಡುತ್ತ ನಿಂತು, "ಬಂತು, ಅಲ್ಲೇ ನಿಲ್ಲು!" ಎಂದು ಕೂಗಬೇಕು.