ಇಳಿಯುವ ಶಕ್ತಿಗೆ ದಾರಿ ಬೇಕು

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಕೆಲಸ ಮತ್ತು ಶಕ್ತಿ’ ಎಂಬ ಪಾಠವಿದೆ. ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ, ನಾಶ ಮಾಡಲು ಬರುವುದಿಲ್ಲ, ರೂಪ ಮಾತ್ರ ಬದಲಾಗುತ್ತದೆ ಎಂಬ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಅಂಕ ಸಿಗುತ್ತದೆ, ಪಾಠ ಮರೆತುಹೋಗುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮಕ್ಕಳಂತೂ ಅದನ್ನು ಮರೆಯಬಾರದು. ಅವರ ಊರಿನ ಅಣೆಕಟ್ಟು, ಬಂಡೆ, ಘಾಟಿ, ಕಾಲುವೆಗಳೆಲ್ಲ ದಿನವೂ ಅದೇ ಪಾಠವನ್ನು ಹೇಳುತ್ತಿವೆ.

ತುಂಗಭದ್ರಾ ಅಣೆಕಟ್ಟು, ಅಂದರೆ ಟಿ.ಬಿ. ಡ್ಯಾಂ, ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1,633 ಅಡಿ ಮೇಲಿರುತ್ತದೆ. ಈ ಎತ್ತರವನ್ನು ನೀರಿಗೆ ಕೊಟ್ಟವರು ಯಾರು? ಸೂರ್ಯ. ಕಡಲ ನೀರು ಬಿಸಿಲಿಗೆ ಆವಿಯಾಗಿ ಮೇಲೇರಿತು, ಮುಂಗಾರಿನ ಗಾಳಿ ಅದನ್ನು ಹೊತ್ತು ತಂದು ಪಶ್ಚಿಮ ಘಟ್ಟದ ಮೇಲೆ ಸುರಿಯಿತು, ತುಂಗೆ ಭದ್ರೆಯರು ಕೂಡಿ ಹರಿದು ಇಲ್ಲಿ ಬಂದು ನಿಂತರು. ನಿಂತ ನೀರು ಸುಮ್ಮನೆ ನಿಂತಂತೆ ಕಂಡರೂ ಅದರ ಪ್ರತಿ ಹನಿಯಲ್ಲೂ ಎತ್ತರದಿಂದ ಬಂದ ಪ್ರಚ್ಛನ್ನ ಶಕ್ತಿ ಇದೆ. ಲೆಕ್ಕ ಸರಳ: 12 ಸಾವಿರ ಲೀಟರ್ ನೀರು 30 ಮೀಟರ್ ಕೆಳಗಿಳಿದರೆ, ದಾರಿಯಲ್ಲಿ ಏನೂ ಸೋರಿಹೋಗದಿದ್ದರೆ, ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಒಂದು ಟ್ಯಾಂಕರ್ ತುಂಬ ನೀರು ಅಷ್ಟೆತ್ತರದಿಂದ ಇಳಿದರೆ ಮನೆಯ ಮೀಟರಿನಲ್ಲಿ ಒಂದೇ ಒಂದು ಅಂಕೆ ಓಡುತ್ತದೆ. ಸ್ವಿಚ್ ಒತ್ತುವಾಗ ನೆನಪಿಡಬೇಕಾದ ಲೆಕ್ಕವಿದು.

ಇಳಿಯುವ ನೀರಿಗೆ ಟರ್ಬೈನಿನ ದಾರಿ ತೋರಿಸಿದರೆ ಬೆಳಕಾಗುತ್ತದೆ. ತುಂಗಭದ್ರಾ ಮಂಡಳಿಯ ಕೈಕೆಳಗೆ ಅಣೆಕಟ್ಟಿನ ಬುಡದಲ್ಲಿ ಒಂದು, ಹಂಪಿಯ ಹತ್ತಿರ ಇನ್ನೊಂದು ವಿದ್ಯುದಾಗಾರವಿದೆ. ಎರಡರ ಸ್ಥಾಪಿತ ಸಾಮರ್ಥ್ಯ ಸೇರಿ 72 ಮೆಗಾವಾಟ್. ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ನಾವೆಲ್ಲ ಕಂಡೆವು. ಜಲಾಶಯ ತುಂಬಿ ನಿಂತಿತ್ತು. 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಆ ಗೇಟಿನ ಬೆನ್ನಿಗೆ ತುಂಬಿದ ನೀರು ಸುಮಾರು 340 ಟನ್ ಬಲದಿಂದ ಒತ್ತಿಕೊಂಡಿರುತ್ತದೆ. ಗೇಟು ಹೋದ ಆ ಒಂದೇ ಕಿಂಡಿಯಿಂದ ಸೆಕೆಂಡಿಗೆ 35 ಸಾವಿರ ಘನ ಅಡಿ ನೀರು ನುಗ್ಗಿತು. 30 ಮೀಟರ್ ಇಳಿತವೆಂದು ಹಿಡಿದರೆ ಅದು ಸುಮಾರು 290 ಮೆಗಾವಾಟಿನಷ್ಟಾಯಿತು, ಎರಡೂ ವಿದ್ಯುದಾಗಾರಗಳು ಪೂರ್ತಿ ಓಡಿದಾಗ ಕೊಡುವುದರ ನಾಲ್ಕು ಪಟ್ಟು. ಅಷ್ಟೂ ಶಕ್ತಿ ನೊರೆಯಾಯಿತು, ಭೋರ್ಗರೆತವಾಯಿತು, ನೆಲದ ನಡುಕವಾಯಿತು. ಕೊನೆಗೆ ಹೊಳೆಯ ನೀರನ್ನು ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಬಿಸಿ ಮಾಡಿ ಮುಗಿಯಿತು. ಇಳಿಯುವ ತೂಕದ ಶಕ್ತಿ ನೀರಿನಲ್ಲಿ ಬಿಸಿಯಾಗಿ ಉಳಿಯುತ್ತದೆಂದು 1840ರ ದಶಕದಲ್ಲಿ ಅಳೆದು ತೋರಿಸಿದವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಅವನ ಲೆಕ್ಕದಂತೆ 253 ಮೀಟರ್ ಎತ್ತರದ ಜೋಗದಿಂದ ಧುಮುಕುವ ಶರಾವತಿಯೂ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾದೀತು, ಅಷ್ಟೇ.

ಇಲ್ಲೇ ಪಾಠದ ತಿರುಳಿದೆ. ಶಕ್ತಿ ‘ನಷ್ಟ’ವಾಯಿತು ಎಂದಾಗ ಅದು ಎಲ್ಲಿಯೂ ಇಲ್ಲವಾಗಿರುವುದಿಲ್ಲ. ಮತ್ತೆ ಒಟ್ಟುಗೂಡಿಸಿ ದುಡಿಸಿಕೊಳ್ಳಲಾಗದಷ್ಟು ತೆಳ್ಳಗೆ ಹರಡಿಹೋಗಿರುತ್ತದೆ. ಹರಡಿದ ಬಿಸಿಯನ್ನು ಹಿಂದಕ್ಕೆ ಕರೆದು ಗೇಟಿನ ಮೇಲಕ್ಕೆ ಏರಿಸುವ ಉಪಾಯ ಯಾರಲ್ಲೂ ಇಲ್ಲ.

ಹೊಳೆಯ ವೇಗ ಎರಡು ಪಟ್ಟಾದರೆ ಅದರ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಡ್ಯಾಂನಿಂದ ಲಕ್ಷಕ್ಕೆ ಮೀರಿ ಕ್ಯುಸೆಕ್ ನೀರು ಬಿಟ್ಟಾಗ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುವುದು, ಹರಿಗೋಲು ನಿಲ್ಲುವುದು, ಕಂಪ್ಲಿಯ ಸೇತುವೆಯ ಮೇಲೆ ನೀರು ಬಂದು ಗಂಗಾವತಿಯ ಕಡೆಗಿನ ಓಡಾಟ ಬಂದ್ ಆಗುವುದು ಎಲ್ಲರಿಗೂ ಗೊತ್ತು. ಅದೇ ಹೊಳೆ ಜಲಾಶಯಕ್ಕೆ ಬಂದು ನಿಧಾನವಾದಾಗ ಮಣ್ಣು ಹೊರುವ ಕಸುವನ್ನು ಕಳೆದುಕೊಳ್ಳುತ್ತದೆ. ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಇಂದು 105.79 ಟಿಎಂಸಿ ಅಡಿಗೆ ಇಳಿದಿರುವುದು ಹೀಗೆ. ಓಡುವ ನೀರು ದಣಿದಲ್ಲಿ ರೈತನ ಪಾಲಿನ ನೀರೂ ಕಡಿಮೆಯಾಯಿತು.

ಸಂಡೂರಿನ ಘಾಟಿಗೆ ಬನ್ನಿ. ಅದಿರು ತುಂಬಿದ ಲಾರಿಯ ಒಟ್ಟು ತೂಕ 30 ಟನ್, ಇಳಿಯಬೇಕಾದ ಎತ್ತರ 200 ಮೀಟರ್ ಎಂದುಕೊಳ್ಳಿ. ಇಳಿಯುವಷ್ಟರಲ್ಲಿ ಅದು ಬಿಟ್ಟುಕೊಡಬೇಕಾದ ಶಕ್ತಿ 16 ಯೂನಿಟ್ಟಿಗಿಂತ ಹೆಚ್ಚು, ಅಂದರೆ ಸುಮಾರು 180 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಚಾಲಕ ಬ್ರೇಕನ್ನೇ ನಂಬಿ ಇಳಿದರೆ ಅಷ್ಟೂ ಬಿಸಿ ಡ್ರಮ್ಮು, ಲೈನರಿನ ಪಾಲಾಗುತ್ತದೆ. ಸುಟ್ಟ ಲೈನರಿನ ಘಾಟು ಮೂಗಿಗೆ ಬಡಿಯುವ ಹೊತ್ತಿಗೆ ಬ್ರೇಕ್ ಹಿಡಿಯುವುದೇ ಕಡಿಮೆಯಾಗಿರುತ್ತದೆ. ಹಳೆಯ ಡ್ರೈವರುಗಳು ಕ್ಲೀನರ್ ಹುಡುಗನಿಗೆ ಮೊದಲು ಕಲಿಸುವ ಮಾತು, ‘ತಮ್ಮಾ, ಏರಿದ ಗೇರಿನಾಗೇ ಇಳೀಬೇಕು, ನ್ಯೂಟ್ರಲ್ ಹಾಕಬ್ಯಾಡ’ ಎಂಬುದು. ಸಣ್ಣ ಗೇರಿನಲ್ಲಿ ಇಳಿದರೆ ಎಂಜಿನ್ನೇ ಲಾರಿಯನ್ನು ಹಿಡಿದೆಳೆಯುತ್ತದೆ, ಬಿಸಿ ಬ್ರೇಕಿನಲ್ಲಿ ಸೇರಿಕೊಳ್ಳದೆ ಎಂಜಿನ್ ಮೂಲಕ ಹೊರಗೆ ಹೋಗುತ್ತದೆ. ಅದಿರನ್ನು ಬೆಟ್ಟದಿಂದ ಕೆಳಗಿಳಿಸುವ ಕನ್ವೇಯರ್ ಬೆಲ್ಟುಗಳಲ್ಲಿ ಇದಕ್ಕಿಂತ ಜಾಣ ಉಪಾಯವೂ ಸಾಧ್ಯ: ಅದಿರಿನ ಭಾರವೇ ಬೆಲ್ಟನ್ನು ಎಳೆಯುವಾಗ ಮೋಟಾರು ಜನರೇಟರಾಗಿ ತಿರುಗಿ ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತದೆ.

ಹಂಪಿಯ ಬಂಡೆಗಳದು ಇನ್ನೊಂದು ಬಗೆ. ಅವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ದಿನವೂ ಶಕ್ತಿ ಪಡೆದು ದಿನವೂ ಬಿಟ್ಟುಕೊಡುತ್ತವೆ. ಒಂದು ಘನ ಮೀಟರ್ ಗಾತ್ರದ ಕಣಶಿಲೆ ಒಂದೇ ಒಂದು ಡಿಗ್ರಿ ಬಿಸಿಯಾಗಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಏಪ್ರಿಲ್ ತಿಂಗಳಲ್ಲಿ ಹೇಮಕೂಟದ ಹಾಸುಬಂಡೆಯ ಮೇಲೆ ಸಂಜೆ ಕೂತು ನೋಡಿ. ಸೂರ್ಯ ಮುಳುಗಿ ಬಹಳ ಹೊತ್ತಾದರೂ ಕಲ್ಲು ಅಂಗೈಗೆ ಬೆಚ್ಚಗಿರುತ್ತದೆ, ಮುಖಕ್ಕೆ ಝಳ ಬಡಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಬಂಡೆ ಹಗಲಿನ ಗಳಿಕೆಯನ್ನು ಆಕಾಶಕ್ಕೆ ಹಿಂದಿರುಗಿಸುತ್ತಿರುತ್ತದೆ. ಸಿಮೆಂಟಿನ ತಾರಸಿಯೂ ಮಾಡುವುದು ಅದನ್ನೇ. ಬೇಸಿಗೆಯ ರಾತ್ರಿ ಮನೆಯೊಳಗೆ ನಿದ್ದೆ ಹತ್ತದಿರುವುದಕ್ಕೆ ಹಗಲಿನಲ್ಲಿ ತಾರಸಿ ಕುಡಿದಿಟ್ಟುಕೊಂಡ ಬಿಸಿಲು ಕಾರಣ. ಮೇಲೆ ಬಿಳಿ ಸುಣ್ಣ ಬಳಿದರೆ ಆ ಗಳಿಕೆ ಮೊದಲೇ ಕಡಿಮೆಯಾಗುತ್ತದೆ.

ಶಕ್ತಿಗೆ ದಾರಿ ಮಾಡಿಕೊಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ವಿಜಯನಗರದ ಕಾಲದವರು ತುಂಗಭದ್ರೆಗೆ ಒಡ್ಡು ಕಟ್ಟಿ ತುರ್ತು ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆಗಳನ್ನು ತೆಗೆದರು. ಪಂಪಿಲ್ಲ, ಕರೆಂಟಿಲ್ಲ, ನೀರಿನ ಎತ್ತರವೇ ಅವರ ಎಂಜಿನ್. ಇಳಿಜಾರು ಹೆಚ್ಚಾದರೆ ನೀರು ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಈ ಎರಡರ ನಡುವಿನ ಹದವನ್ನು ಬಂಡೆಗಳ ಸಂದಿಯಲ್ಲಿ ಹರಿದಾರಿಗಟ್ಟಲೆ ಹಿಡಿದುಕೊಂಡು ಹೋದದ್ದು ಸಣ್ಣ ಸಾಧನೆಯಲ್ಲ. ಶತಮಾನಗಳು ಕಳೆದ ಮೇಲೂ ಹಂಪಿಯ ಬಾಳೆ, ಕಂಪ್ಲಿಯ ಭತ್ತ ಆ ಕಾಲುವೆಗಳ ನೀರುಂಡು ಬೆಳೆಯುತ್ತಿವೆ. ಕಟ್ಟಿದವರ ಜಾಣ್ಮೆಯಷ್ಟೇ ಇದಕ್ಕೆ ಕಾರಣವಲ್ಲ. ತಲೆಮಾರುಗಳ ಕಾಲ ಹೂಳೆತ್ತಿದ, ದಂಡೆ ಕಟ್ಟಿದ, ತೂಬು ಕಾಯ್ದ ಕೈಗಳೂ ಕಾರಣ.

ಏರಿದ್ದೆಲ್ಲ ಇಳಿಯುತ್ತದೆ, ಕಾದದ್ದೆಲ್ಲ ಆರುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಯಾವ ದಾರಿಯಲ್ಲಿ ಇಳಿಯಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಆ ದಾರಿಯನ್ನು ಕಾಯುವುದು ಗೇಟಿನ ಸರಪಳಿಗೆ ಗ್ರೀಸ್ ಹಚ್ಚುವವನು, ಲೈನರ್ ಸವೆದಿದೆಯೇ ಎಂದು ನೋಡುವ ಮೆಕ್ಯಾನಿಕ್, ಕಾಲುವೆಯ ಮೇಲೆ ಓಡಾಡಿ ನೀರು ಕಾಯುವ ಸೌಡಿ. ಇಂಥವರ ಕೆಲಸ ಸುದ್ದಿಯಾಗುವುದಿಲ್ಲ, ಅದು ನಿಂತ ದಿನ ಮಾತ್ರ ಸುದ್ದಿಯಾಗುತ್ತದೆ. 19ನೇ ಗೇಟಿನ ಕಿಂಡಿಗೆ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಮುಚ್ಚಿದ ಎಂಜಿನಿಯರುಗಳಿಗೆ, ಕಾರ್ಮಿಕರಿಗೆ ನಾಡು ಕೈಮುಗಿಯಿತು. ಅಂಥ ಸಾಹಸದ ಅಗತ್ಯವೇ ಬಾರದಂತೆ ಪ್ರತಿ ಬೇಸಿಗೆಯಲ್ಲಿ ಸದ್ದಿಲ್ಲದೆ ದುರಸ್ತಿ ಮಾಡುವವರಿಗೂ ಅಷ್ಟೇ ಗೌರವ ಸಲ್ಲಬೇಕು, ಅದಕ್ಕೆ ಬೇಕಾದ ಹಣ, ಸಿಬ್ಬಂದಿ ಮೊದಲೇ ಸಿಗಬೇಕು.

ಮೇಷ್ಟ್ರುಗಳಲ್ಲಿ ಒಂದು ಮನವಿ. ಈ ವರ್ಷ ‘ಕೆಲಸ ಮತ್ತು ಶಕ್ತಿ’ ಪಾಠ ಬಂದಾಗ ಮಕ್ಕಳನ್ನು ಡ್ಯಾಂಗೆ ಕರೆದುಕೊಂಡು ಹೋಗಿ. ನೀರಿನ ಎತ್ತರ, ಬಿಡುತ್ತಿರುವ ಕ್ಯುಸೆಕ್ ಎಷ್ಟೆಂದು ಕೇಳಿ ತಿಳಿದು, ಎಷ್ಟು ಶಕ್ತಿ ಇಳಿಯುತ್ತಿದೆ ಎಂದು ಅವರ ಕೈಯಿಂದಲೇ ಲೆಕ್ಕ ಮಾಡಿಸಿ. ನಾಳೆ ಆ ಗೇಟುಗಳನ್ನು ಕಾಯಬೇಕಾದವರು ಅವರೇ.