ಕಾಲೂರುವಷ್ಟು ಜಾಗ

ಅತಿಥಿಗಳಲ್ಲಿ ಎರಡು ಬಗೆ. ಊಟ, ಹಾಸಿಗೆ, ಸ್ನಾನಕ್ಕೆ ಬಿಸಿನೀರು ಎಲ್ಲವನ್ನೂ ನಮ್ಮಿಂದಲೇ ಬಯಸಿ ಬರುವವರು ಒಂದು ಬಗೆ. ಹಾಸಿಗೆ, ಪಾತ್ರೆಪಡಗವನ್ನು ತಾವೇ ತಂದು, 'ರಾತ್ರಿ ಕಳೆಯೋಕೆ ಒಂದಿಷ್ಟು ಜಾಗ ಕೊಡಿ, ಬೆಳಗಾದರೆ ಹೊರಡ್ತೀವಿ' ಎನ್ನುವವರು ಇನ್ನೊಂದು ಬಗೆ. ನೋಡಿದರೆ ಎರಡನೆಯವರ ಉಪಚಾರವೇ ಸುಲಭ. ಖರ್ಚಿಲ್ಲ, ಒಲೆ ಹಚ್ಚಬೇಕಿಲ್ಲ. ಆದರೂ ಇವತ್ತು ನಮ್ಮ ಬಾಗಿಲು ಬೇಗ ಮುಚ್ಚಿಕೊಳ್ಳುವುದು ಇವರ ಮುಂದೆಯೇ. ಅನ್ನ ಕೇಳಿದವನಿಗೆ ಅನ್ನ ಕೊಟ್ಟರೆ ಮುಗಿಯಿತು. ಜಾಗ ಕೇಳಿದವನಿಗೆ ನಂಬಿಕೆ ಕೊಡಬೇಕು, ಅದೂ ಇಡೀ ರಾತ್ರಿಯ ಮಟ್ಟಿಗೆ.

ಗಾಲಿಯ ಮೇಲೆ ಮನೆ ಕಟ್ಟಿಕೊಂಡು ತಿರುಗುವವರು ನಮ್ಮಲ್ಲೂ ಕಾಣಿಸಿಕೊಳ್ಳುತ್ತಿದ್ದಾರೆ. ವ್ಯಾನಿನೊಳಗೇ ಮಂಚ, ಒಲೆ, ನೀರಿನ ತೊಟ್ಟಿ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ಹೊರದೇಶಗಳಲ್ಲಿ ಇದು ಹಳೆಯ ರೂಢಿ. ಅಮೆರಿಕದಲ್ಲಿ ಸರ್ಕಾರಿ ಬಯಲುಭೂಮಿಯಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಬಾಡಿಗೆಯಿಲ್ಲದೆ ತಂಗಬಹುದು. ಮನೆಯಂಗಳದಲ್ಲಿ ಒಂದು ರಾತ್ರಿ ಗಾಡಿ ನಿಲ್ಲಿಸಲು ಅಪರಿಚಿತರನ್ನು ಕರೆಯುವ ಗೃಹಸ್ಥರ ಕೂಟಗಳೂ ಅಲ್ಲಿವೆ. ಫ್ರಾನ್ಸಿನಲ್ಲಿ ದ್ರಾಕ್ಷಿತೋಟದ ಯಜಮಾನರು ಇಂಥ ಪ್ರಯಾಣಿಕರಿಗೆ ತೋಟದ ಬದಿಯಲ್ಲಿ ರಾತ್ರಿ ಜಾಗ ಬಿಡುತ್ತಾರೆ. ಸ್ವೀಡನ್ನಿನಲ್ಲಿ ಮನೆಗಳಿಂದ ದೂರವಿದ್ದು, ಯಾರಿಗೂ ತೊಂದರೆ ಕೊಡದೆ, ಪರರ ಭೂಮಿಯಲ್ಲಿ ಒಂದು ರಾತ್ರಿ ಡೇರೆ ಹಾಕುವುದು ಎಲ್ಲರಿಗೂ ಸಲ್ಲುವ ಹಕ್ಕು.

ಇದೆಲ್ಲ ಹೊಸದೆಂದು ಬೆರಗಾಗುವ ಮೊದಲು ದ್ರಾಕ್ಷಿಯ ನಾಡೇ ಆದ ನಾಸಿಕದ ಕಡೆ ಒಮ್ಮೆ ನೋಡಬೇಕು. ಪೇಟೆಯಿಂದ ಸ್ವಲ್ಪ ದೂರದಲ್ಲಿ, ಮುಂಬೈ ಹೆದ್ದಾರಿಯ ಮಗ್ಗುಲಲ್ಲೇ ಬೌದ್ಧ ಗುಹೆಗಳ ಒಂದು ಗುಡ್ಡ. ಜನ ಪಾಂಡವಲೇಣಿ ಎನ್ನುತ್ತಾರೆ, ಶಾಸನಗಳು ತ್ರಿರಶ್ಮಿ ಎನ್ನುತ್ತವೆ. ಅಲ್ಲಿನ 10ನೆಯ ಗುಹೆಯ ಗೋಡೆಯ ಮೇಲೆ, ಸುಮಾರು 1900 ವರ್ಷಗಳ ಹಿಂದೆ, ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ತಾನು ಮಾಡಿದ ದಾನಗಳ ಪಟ್ಟಿ ಕೆತ್ತಿಸಿದ್ದಾನೆ. ಗೋವು, ಹೊನ್ನು, ಊರುಗಳ ಜೊತೆಗೆ ಇನ್ನೂ ಕೆಲವು ಬಾಬತ್ತುಗಳಿವೆ. ಭರುಕಚ್ಛ, ದಶಪುರ, ಶೂರ್ಪಾರಕ ಮತ್ತು ನಾಸಿಕದ ಪಕ್ಕದ ಗೋವರ್ಧನದಲ್ಲಿ ದಾರಿಹೋಕರಿಗೆ ನಾಲ್ಕಂಕಣದ ತಂಗುಮನೆ. ತಾಪಿ, ದಮನಾ, ಪಾರದಾ ಮೊದಲಾದ ಆರು ನದಿಗಳಲ್ಲಿ ಕಾಸಿಲ್ಲದೆ ದಾಟಿಸುವ ದೋಣಿ. ಆ ನದಿಗಳ ಎರಡೂ ದಡದಲ್ಲಿ ಕೂರುವ ಚಾವಡಿ, ನೀರಿನ ಅರವಟ್ಟಿಗೆ. ರಾಜನ ಅಳಿಯನೊಬ್ಬ ಬಂಡೆಯ ಮೇಲೆ ಉಳಿಯಬೇಕೆಂದು ಬಯಸಿದ್ದು ದಾರಿಹೋಕನಿಗೆ ಕೊಟ್ಟ ಒಂದು ರಾತ್ರಿಯ ನೆರಳನ್ನೂ ಸೇರಿಸಿ!

ಅವನು ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಶಾಸನದಲ್ಲಿ ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಮೂರು ಸಾವಿರ ಕಾರ್ಷಾಪಣ ನಾಣ್ಯ ಠೇವಣಿ ಇಟ್ಟ ವಿವರವಿದೆ. ಎರಡು ಸಾವಿರಕ್ಕೆ ತಿಂಗಳಿಗೆ ನೂರಕ್ಕೊಂದು ಬಡ್ಡಿ, ಉಳಿದ ಸಾವಿರಕ್ಕೆ ನೂರಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ. ಎರಡು ಸಾವಿರದ ವರ್ಷದ ಬಡ್ಡಿ 240. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಹಣ. ಲೆಕ್ಕ ಎಷ್ಟು ಚೊಕ್ಕ! ಯಾರಿಗೆ ಎಂಬ ಪ್ರಶ್ನೆಗೆ ಮಾತ್ರ ಚೌಕಟ್ಟು ಹಾಕಿಲ್ಲ. ಈ ದಾನ ನಾಲ್ಕೂ ದಿಕ್ಕಿನಿಂದ ಬರುವ ಸಂಘಕ್ಕೆ ಸಲ್ಲತಕ್ಕದ್ದು. ದುಡ್ಡಿನ ವಿಷಯದಲ್ಲಿ ಬಿಗಿ, ಬರುವವರ ವಿಷಯದಲ್ಲಿ ಸಡಿಲ. ನಾವೀಗ ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ.

ನಾಸಿಕದಿಂದ ಗೋದಾವರಿಯ ಗುಂಟ ಇಳಿದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಗುರುತಿಸಿದ್ದು ಇದೇ ನದಿಯನ್ನು. ಆಷಾಢ ಹತ್ತಿರವಾಯಿತೆಂದರೆ ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಿಂದ ಸಂತ ನಿವೃತ್ತಿನಾಥರ ಪಾಲಖಿ, ಪೈಠಣದಿಂದ ಸಂತ ಏಕನಾಥರ ಪಾಲಖಿ ಪಂಢರಪುರದ ಕಡೆ ಹೊರಡುತ್ತವೆ. ವಾರಗಟ್ಟಲೆ ನಡಿಗೆ. ಪ್ರತಿ ರಾತ್ರಿ ಒಂದು ಊರಲ್ಲಿ ಮುಕ್ಕಾಮು. ಶಾಲೆಯ ವರಾಂಡ, ಗುಡಿಯ ಪ್ರಾಕಾರ, ಯಾರದೋ ಮನೆಯ ಪಡಸಾಲೆ, ಏನೂ ಇಲ್ಲದಿದ್ದರೆ ಹೊಲದ ಬದು. ಹೀಗೆ ನಡೆಯುವ ವಾರಕರಿಯ ಗಂಟಿನಲ್ಲಿ ಹಾಸಿಗೆ ಇದೆ, ಕೈಯಲ್ಲಿ ತಾಳ ಇದೆ. ಅವನು ಕೇಳುವುದು ಮೈಚಾಚುವಷ್ಟು ನೆಲ. ನಮ್ಮ ಬೆಳಗಾವಿ, ವಿಜಯಪುರ, ಬೀದರ್ ಕಡೆಯ ದಿಂಡಿಗಳದ್ದೂ ಇದೇ ಕ್ರಮ.

ಇಷ್ಟು ಜನ ನಡೆದು ನೋಡಹೋಗುವ ದೇವರೂ ಒಂದು ಕಾಲಕ್ಕೆ ಜಾಗ ಕೇಳಿ ಬಂದವನೇ. ಪುಂಡಲೀಕ ತಂದೆತಾಯಿಯ ಕಾಲೊತ್ತುತ್ತಿದ್ದಾಗ ವಿಠ್ಠಲ ಬಾಗಿಲಿಗೆ ಬಂದ. ಸೇವೆ ಬಿಟ್ಟು ಏಳಲಾರದ ಪುಂಡಲೀಕ ಒಂದು ಇಟ್ಟಿಗೆ ಎಸೆದು 'ಇದರ ಮೇಲೆ ನಿಂತಿರು' ಎಂದ ಎಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಪುಂಡಲೀಕನ ಮಾತೃಪಿತೃಭಕ್ತಿಗೆ ಉದಾಹರಣೆಯಾಗಿ ಇದನ್ನು ಹೇಳುತ್ತೇವೆ. ಆತಿಥ್ಯದ ಪಾಠವಾಗಿಯೂ ಓದಬಹುದು. ಪುಂಡಲೀಕನಲ್ಲಿ ಪುರುಸೊತ್ತಿರಲಿಲ್ಲ, ಪಾದಪೂಜೆಗೆ ಸಾಮಗ್ರಿ ಇರಲಿಲ್ಲ. ಆದರೂ ಹೋಗು ಎನ್ನಲಿಲ್ಲ. ಇದ್ದದ್ದರಲ್ಲಿ ಒಂದು ಇಟ್ಟಿಗೆಯಷ್ಟು ಕೊಟ್ಟ. ಬಂದವನೂ ಅದನ್ನು ಅವಮಾನ ಎಂದುಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತುಕೊಂಡ. ಸತ್ಕಾರ ಮಾಡುವಷ್ಟು ಅನುಕೂಲ ನಮಗಿಲ್ಲ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ.

ಪೈಠಣದ ಏಕನಾಥರ ಬಗ್ಗೆಯೂ ಒಂದು ಐತಿಹ್ಯವಿದೆ. ಶ್ರೀಖಂಡ್ಯಾ ಎಂಬ ಅಪರಿಚಿತ ಬಂದು ಮನೆಯಲ್ಲಿ ಉಳಿಯಲು ಕೇಳಿದ. ಅವರು ಊರು ಕೇರಿ ಕೆದಕದೆ ಇರಿಸಿಕೊಂಡರು. ಹನ್ನೆರಡು ವರ್ಷ ಗೋದಾವರಿಯಿಂದ ನೀರು ಹೊತ್ತು ತಂದವನು ಸಾಕ್ಷಾತ್ ಕೃಷ್ಣ ಎಂದು ತಿಳಿದದ್ದು ಅವನು ಮಾಯವಾದ ಮೇಲೆ. ಐತಿಹ್ಯದ ನಿಜಸುಳ್ಳು ಆಚೆಗಿರಲಿ. ಬಂದವನು ದೇವರೆಂದು ಮೊದಲೇ ಗೊತ್ತಿದ್ದರೆ ಇರಿಸಿಕೊಂಡದ್ದಕ್ಕೆ ಬೆಲೆ ಇರುತ್ತಿರಲಿಲ್ಲ ಎಂಬುದಷ್ಟೇ ಅದರ ತಿರುಳು.

ಕೊಡುವವನ ಧರ್ಮ ಹೀಗಾದರೆ, ತಂಗುವವನಿಗೂ ಒಂದು ಧರ್ಮವಿದೆ. ಅದನ್ನು ಕಲಿಸಬಲ್ಲವರು ಕುರಿಗಾಹಿಗಳು. ಮಹಾರಾಷ್ಟ್ರದ ಧನಗರರು, ನಮ್ಮ ಕಡೆಯ ಕುರುಬರು ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಲು ರೈತನೇ ಕರೆಯುತ್ತಾನೆ. ರಾತ್ರಿಯಿಡೀ ಮಂದೆ ಕೂತ ನೆಲಕ್ಕೆ ಹಿಕ್ಕೆ, ಗಂಜಲದ ಗೊಬ್ಬರ. ಪ್ರತಿಯಾಗಿ ಕುರಿಗಾಹಿಗೆ ಕಾಳೋ ಕಾಸೋ. ಜಾಗ ಕೊಟ್ಟವನೇ ಮೇಲೆ ದುಡ್ಡೂ ಕೊಡುವ ವಿಚಿತ್ರ ವ್ಯವಹಾರ ಇದು! ಅದಕ್ಕೆ ಕಾರಣ ಒಂದೇ: ಆ ಅತಿಥಿ ಹೊರಟ ಮೇಲೆ ಹೊಲ ಮೊದಲಿಗಿಂತ ಚೆನ್ನಾಗಿರುತ್ತದೆ. ನಾವು ಕಾರಿನಲ್ಲಿ ಹೋಗಿ ಒಂದು ರಾತ್ರಿ ಕಳೆದ ಕೆರೆದಂಡೆಯಲ್ಲಿ ಮರುದಿನ ಬೆಳಗ್ಗೆ ಏನು ಬಿದ್ದಿರುತ್ತದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಬಾಡಿಗೆ ಕೊಡಲಿಲ್ಲ ಎಂದ ಮಾತ್ರಕ್ಕೆ ಋಣ ಇಲ್ಲ ಎಂದಲ್ಲ. ಕತ್ತಲಾಗುವ ಮೊದಲೇ ಬಂದು ಕೇಳುವುದು, ತೋರಿಸಿದ ಜಾಗ ದಾಟದಿರುವುದು, ಗದ್ದಲ ಮಾಡದಿರುವುದು, ಹೇಳಿದ ಹೊತ್ತಿಗೆ ಹೊರಡುವುದು, ಕಸ ಬಿಡದಿರುವುದು. ಕಾಸಿಲ್ಲದ ತಂಗುವಿಕೆಗೆ ಕೊಡಬೇಕಾದ ಬೆಲೆ ಇದು.

ಇನ್ನು ಅಪರಿಚಿತರ ಭಯದ ಮಾತು. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ನಾಸಿಕದ ಪಂಚವಟಿಯಲ್ಲೇ ಅದರ ಮೂಲವಿದೆ. ರಾಮ ಲಕ್ಷ್ಮಣ ಸೀತೆಯರು ಅಗಸ್ತ್ಯರ ಮಾತಿನಂತೆ ಗೋದಾವರಿಯ ತಡಿಯಲ್ಲಿ ಎಲೆಮನೆ ಕಟ್ಟಿಕೊಂಡರು. ಮನೆ ಬಿಟ್ಟು ಬಂದವರೇ ಮನೆ ಮಾಡಿಕೊಂಡು ಅತಿಥಿಗಳನ್ನು ಸತ್ಕರಿಸುವವರಾದರು. ಆ ಬಾಗಿಲಿಗೆ ಭಿಕ್ಷುಕನ ವೇಷದಲ್ಲಿ ಬಂದದ್ದು ರಾವಣ. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆಗೆ ಇದಕ್ಕಿಂತ ಘೋರ ಉದಾಹರಣೆ ಸಿಗದು. ಆದರೆ ಆ ಕಥೆ ಕೇಳುತ್ತ ಬೆಳೆದ ಜನ ಜೋಳಿಗೆ ಹಿಡಿದು ಬಂದವರಿಗೆಲ್ಲ ಬಾಗಿಲು ಹಾಕಲಿಲ್ಲ. ರಾವಣ ಕೆಟ್ಟವನು ಎಂದು ಹೇಳಿತು ನಮ್ಮ ಪರಂಪರೆ. ಭಿಕ್ಷೆ ನೀಡಿದ್ದು ತಪ್ಪು ಎಂದು ಹೇಳಲಿಲ್ಲ.

ನಮ್ಮ ಕಾಲ ಆ ವಿವೇಕ ಕಳೆದುಕೊಂಡಿದೆ. ನಾಸಿಕದ ನೆರೆಯ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ 2018ರ ಜುಲೈ 1ರಂದು, ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಹೊಡೆದು ಕೊಂದರು. ಹೊಡೆದದ್ದು ಗ್ರಾಮ ಪಂಚಾಯಿತಿ ಕಚೇರಿಯ ಒಳಗೆ. ಊರಿಗೆ ಬಂದವರಿಗೆ ರಕ್ಷಣೆ ಕೊಡಬೇಕಾದ ಕಟ್ಟಡವೇ ಅದು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ಅನುಮಾನಕ್ಕೆ ಹೈದರಾಬಾದಿನ ತರುಣನೊಬ್ಬ ಬಲಿಯಾದ. ಅವನೂ ಗೆಳೆಯರೂ ಮಾಡಿದ ತಪ್ಪು, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ರಾವಣ ವೇಷ ಹಾಕಿಕೊಂಡು ಬಂದಿದ್ದ. ಇಲ್ಲಿ ಬಂದವರ ಮೈಮೇಲೆ ವೇಷವಿರಲಿಲ್ಲ, ನಾವೇ ಹೊದಿಸಿದೆವು.

ಈ ವೇಷ ಹೊದಿಸುವ ಕೆಲಸ ಹಿಂದೆ ಕಾನೂನೇ ಮಾಡಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದಿತು. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಮನಸ್ಸಿನ ಪಟ್ಟಿ ಉಳಿದುಕೊಂಡಿತು. ಲಕ್ಷ್ಮಣ ಮಾನೆಯವರ ಮರಾಠಿ ಆತ್ಮಕಥೆ 'ಉಪರಾ' ಓದಿದವರಿಗೆ, ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗುವ ಕೈಕಾಡಿ ಕುಟುಂಬಕ್ಕೆ ಒಂದು ರಾತ್ರಿ ಬಿಡಾರ ಹೂಡುವುದೂ ಎಂಥ ಸಂಕಟ ಎಂಬುದು ಗೊತ್ತು. ಮರಾಠವಾಡದಿಂದ ಪ್ರತಿ ವರ್ಷ ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆಯ ಕಡೆ ಬರುವ ಕುಟುಂಬಗಳೂ ಟ್ರ್ಯಾಕ್ಟರಿನಲ್ಲಿ, ಎತ್ತಿನಗಾಡಿಯಲ್ಲಿ ಮನೆಯನ್ನೇ ಹೇರಿಕೊಂಡು ಬರುತ್ತವೆ. ಲಾಸಲಗಾಂವ್ ಮಾರುಕಟ್ಟೆಯ ಈರುಳ್ಳಿ ಹೇರಿಕೊಂಡು ದಕ್ಷಿಣಕ್ಕೆ ಇಳಿಯುವ ಲಾರಿಯವರಿಗೆ ಕ್ಯಾಬಿನ್ನೇ ಮಲಗುವ ಕೋಣೆ.

ನನ್ನ ತಕರಾರು ಇರುವುದು ಇಲ್ಲಿ. ಅರ್ಧ ಕೋಟಿಯ ವ್ಯಾನಿನಲ್ಲಿ ಬಂದು ಬಯಲಲ್ಲಿ ರಾತ್ರಿ ಕಳೆದರೆ ಅದು ಪ್ರವಾಸ. ಅದಕ್ಕೊಂದು ಸರ್ಕಾರಿ ನೀತಿ, ಪತ್ರಿಕೆಯಲ್ಲಿ ಚಿತ್ರ. ಕತ್ತೆಯ ಮೇಲೆ, ಗಾಡಿಯಲ್ಲಿ ಬಂದು ಅದೇ ಬಯಲಲ್ಲಿ ತಂಗಿದರೆ ಅದು ಅತಿಕ್ರಮಣ, ಅದಕ್ಕೆ ಲಾಠಿ. ಇಬ್ಬರೂ ಕೇಳಿದ್ದು ಒಂದೇ, ಒಂದು ರಾತ್ರಿಯ ನೆಲ. ಕಾರವಾನಿನವನಿಗೆ ಜಾಗ ಸಿಗಬಾರದೆಂದು ಹೇಳುತ್ತಿಲ್ಲ. ಅವನಿಗೆ ತೋರಿಸಿದ ಸೌಜನ್ಯ ಇವನಿಗೂ ಸಿಕ್ಕರೆ ಮಾತ್ರ ಅದನ್ನು ಆತಿಥ್ಯ ಎನ್ನಬಹುದು. ಇಲ್ಲವಾದರೆ ಅದು ಹಣಕ್ಕೆ ಮಾಡಿದ ನಮಸ್ಕಾರ.

ಅಂತಸ್ತು, ಮತ ನೋಡದೆ ಜಾಗ ಕೊಟ್ಟ ಮಾದರಿ ಮಹಾರಾಷ್ಟ್ರದ ನೆಲದಲ್ಲೇ ಇದೆ. ಛತ್ರಪತಿ ಸಂಭಾಜಿನಗರದ ಪನ್‌ಚಕ್ಕಿಯನ್ನು ಪ್ರವಾಸಿಗರು ನೀರಿನಿಂದ ತಿರುಗುವ ಗಿರಣಿ ಎಂದು ನೋಡಿ ಬರುತ್ತಾರೆ. ಅದು ಬಾಬಾ ಶಾ ಮುಸಾಫಿರ್ ಎಂಬ ಸೂಫಿಯ ದರ್ಗಾದ ಆವರಣ. ದೂರದ ಗುಡ್ಡದಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದು ಕಲ್ಲು ತಿರುಗಿಸಿ ಹಿಟ್ಟು ಬೀಸಿದ್ದು ಅಲ್ಲಿ ತಂಗುವ ಫಕೀರರಿಗೆ, ಯಾತ್ರಿಕರಿಗೆ. ಅದೇ ಜಿಲ್ಲೆಯ ವೇರೂಳಿನ ಘೃಷ್ಣೇಶ್ವರ ಗುಡಿಯನ್ನು ಮತ್ತೆ ಕಟ್ಟಿಸಿದ ಅಹಿಲ್ಯಾಬಾಯಿ ಹೋಳ್ಕರ್ ದೇಶದುದ್ದಕ್ಕೂ ಯಾತ್ರಾಸ್ಥಳಗಳಲ್ಲಿ ಧರ್ಮಶಾಲೆ, ಬಾವಿ, ಘಾಟುಗಳನ್ನು ಮಾಡಿಸಿದಳು. ಇವರೆಲ್ಲ ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಂಡವರಲ್ಲ. ಕಲ್ಲು, ನೀರು, ಬಡ್ಡಿ, ಬಂದೋಬಸ್ತು ಎಲ್ಲವನ್ನೂ ಯೋಚಿಸಿದವರು. ದಯೆ ಒಂದೇ ದಿನದ್ದಾಗದಿರಲು ಅದಕ್ಕೊಂದು ವ್ಯವಸ್ಥೆ ಬೇಕು.

ಹಾಗೆ ಯೋಚಿಸಿದರೆ ಇವತ್ತಿಗೂ ದಾರಿಯಿದೆ. ಸಂಜೆ ಬೀಗ ಬೀಳುವ ಶಾಲೆಯ ಅಂಗಳ, ಜಾತ್ರೆಗೆ ಮಾತ್ರ ಬಳಕೆಯಾಗುವ ಗುಡಿಯ ಬಯಲು, ಸಂತೆಯಿಲ್ಲದ ದಿನ ಖಾಲಿ ಬಿದ್ದಿರುವ ಸಂತೆಕಟ್ಟೆ ಪ್ರತಿ ಊರಿಗೂ ಇದೆ. ಅಲ್ಲೊಂದು ನಲ್ಲಿ, ಒಂದು ದೀಪ, ಒಂದು ಶೌಚಾಲಯ. ಬಂದವರ ಹೆಸರು, ಊರು, ಗಾಡಿ ನಂಬರು ಬರೆದುಕೊಳ್ಳಲು ಒಂದು ಪುಸ್ತಕ. ಹೆಸರು ಕೇಳುವುದು ಅನುಮಾನವಲ್ಲ. ಬರೆದುಕೊಂಡ ಹೆಸರು ಊರಿನವರ ಭಯವನ್ನೂ ಕಳೆಯುತ್ತದೆ, ಬಂದವರ ಜೀವವನ್ನೂ ಕಾಯುತ್ತದೆ. ರೈನ್‌ಪಾಡಾದ ಐವರಿಗೆ ಅಂಥ ಒಂದು ಸಾಲು ಆಸರೆಯಾಗಬಹುದಿತ್ತು.

ನಾಸಿಕದಲ್ಲಿ 2015ರ ನಂತರದ ಸಿಂಹಸ್ಥ ಕುಂಭ 2026-27ರದ್ದು. ತಪೋವನದ ಸಾಧುಗ್ರಾಮಕ್ಕೆ, ಡೇರೆಗಳಿಗೆ, ವಾಹನ ನಿಲುಗಡೆಗೆ ಸರ್ಕಾರ ಹಣ ಸುರಿಯುತ್ತದೆ. ಅದು ಬೇಕಾದ್ದೇ. ಪರ್ವಕಾಲದಲ್ಲಿ ಜಾಗ ಕೊಡುವುದಕ್ಕೆ ಪುಣ್ಯದ ಆಸೆಯಿದೆ, ವ್ಯಾಪಾರದ ಲಾಭವಿದೆ, ಕ್ಯಾಮೆರಾಗಳಿವೆ. ಯಾವ ಪರ್ವವೂ ಇಲ್ಲದ ಒಂದು ಸಾಧಾರಣ ಮಂಗಳವಾರ ರಾತ್ರಿ, ಯಾವ ದೇವರ ಹೆಸರನ್ನೂ ಹೇಳದೆ, ಬರೀ ದಣಿದು ಬಂದವನಿಗೆ ಊರು ಏನು ಹೇಳುತ್ತದೆ? ಒಂದು ಊರನ್ನು ಅಳೆಯಬೇಕಾದ್ದು ಆ ಉತ್ತರದಿಂದ.